ಶಾಫ್ಟಿನ ಬಾಗು: ಒಂದು ಕೋರಮಂಡಲ್ ಮೀಮಾಂಸೆ

ಗಾಲ್ಫ್ ಕೋಲು ಬಾಗಬೇಕೇ ಬೇಡವೇ ಎಂಬ ವಿಚಾರದಲ್ಲಿ ಪಂಡಿತರದು ಎರಡು ಪಂಗಡ. ಬಾಗಬೇಕು ಎನ್ನುವವರದು ಒಂದು; ಉಳಿದವರದು ಬಾಗಲಿ, ನನ್ನದೊಂದು ಬಾಗುವುದು ಬೇಡ ಎನ್ನುವವರದು ಇನ್ನೊಂದು. ಜನ ಹೆಚ್ಚಿರುವುದು ಎರಡನೆಯದರಲ್ಲೇ. ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹಿಡಿದು ಕೆಜಿಎಫ್‌ನ ಕೋರಮಂಡಲ್‌ನಲ್ಲಿ ಇಳಿದರೆ ಈ ವಿವಾದದ ಬುಡ ಸಿಗುತ್ತದೆ ಎಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ.

ಮೊದಲು ಇತಿಹಾಸ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಚಿನ್ನಕ್ಕೆ ಕೈಹಾಕಿತು. ಅದರ ಬೆನ್ನಿಗೇ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ ಬಂದವು. ಕೆಜಿಎಫ್‌ಗೆ ‘ಲಿಟಲ್ ಇಂಗ್ಲೆಂಡ್’ ಎಂಬ ಹೆಸರೂ ಅಂಟಿತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು. ಕಾರ್ಮಿಕರನ್ನು ಪಾತಾಳಕ್ಕೆ ಇಳಿಸುವ ಕೇಜು ಉಕ್ಕಿನ ಹಗ್ಗದಲ್ಲಿ ತೂಗುತ್ತಿತ್ತು. ಆದರೆ ಆ ಕಾಲದ ದೊರೆಗಳ ಕೈಯಲ್ಲಿ ಸಂಜೆ ಇರುತ್ತಿದ್ದುದು ಹಿಕರಿ ಮರದ ಕೋಲು. ಏಕೆಂದರೆ ಸೇಂಟ್ ಆಂಡ್ರೂಸ್‌ನ ಗಾಲ್ಫ್ ಮಂಡಳಿ ಉಕ್ಕಿನ ಶಾಫ್ಟಿಗೆ, ಅಂದರೆ ಕೋಲಿನ ದಂಡಕ್ಕೆ, ಒಪ್ಪಿಗೆ ಕೊಟ್ಟದ್ದು 1929ರಲ್ಲಿ. ಅಲ್ಲಿಯತನಕ ಉಕ್ಕನ್ನು ನಂಬಿ ಮನುಷ್ಯರ ಜೀವವನ್ನು ಒಪ್ಪಿಸಬಹುದಿತ್ತು, ಚೆಂಡನ್ನು ಒಪ್ಪಿಸುವಂತಿರಲಿಲ್ಲ.

ಹಿಕರಿಯಲ್ಲಿ ಒಂದು ಕೋಲಿನಂತೆ ಇನ್ನೊಂದು ಬಾಗುತ್ತಿರಲಿಲ್ಲ. ಆದರೂ ಗಾಲ್ಫ್ ಆಟಗಾರ ಬಾಬಿ ಜೋನ್ಸ್ 1930ರಲ್ಲಿ ನಾಲ್ಕು ದೊಡ್ಡ ಪಂದ್ಯಗಳನ್ನು ಗೆದ್ದದ್ದು ಹಿಕರಿಯಲ್ಲೇ.

ಉಕ್ಕಿನ ಹಿಂದೆ ಅಕ್ಷರಗಳು ಬಂದವು: ಎಲ್, ಎ, ಆರ್, ಎಸ್, ಎಕ್ಸ್. ಮೆದುವಿನಿಂದ ಬಿಗಿಗೆ ಏರುವ ಈ ಪಂಚವರ್ಣದಲ್ಲಿ ಕೋಲು ಬೀಸುವ ವೇಗವೇ ಕುಲ. ಡ್ರೈವರ್ ಎಂಬ ದೂರದ ಹೊಡೆತದ ಕೋಲಿನ ತಲೆ ಗಂಟೆಗೆ ಸುಮಾರು 137ರಿಂದ 153 ಕಿ.ಮೀ. ವೇಗದಲ್ಲಿ ಬಂದರೆ ಆರ್. ಅಲ್ಲಿಂದ 169ರವರೆಗೆ ಎಸ್. ಅದಕ್ಕೂ ಮೇಲೆ ಎಕ್ಸ್. 137ಕ್ಕಿಂತ ತುಸು ಕೆಳಗಿನವರಿಗೆ ಎ, ಅಂದರೆ ಹಿರಿಯರ ಶಾಫ್ಟು. ಅದನ್ನು ಕೊಳ್ಳುವಷ್ಟು ಹಿರಿಯರಾದವರು ಇನ್ನೂ ಹುಟ್ಟಬೇಕಷ್ಟೆ.

ಪೂರ್ವಪಕ್ಷ: ಎಸ್ ಹಿಡಿದರೆ ಚೆಂಡು ದೂರ ಹೋಗುತ್ತದೆ. ಖಂಡನೆ: ಹೋಗುವುದಿಲ್ಲ. ಕೋಲು ಕೆಳಗಿಳಿಯತೊಡಗಿದಾಗ ಭಾರದ ತಲೆ ಹಿಂದುಳಿದು ಶಾಫ್ಟು ಬಾಗುತ್ತದೆ. ಚೆಂಡಿನ ಹತ್ತಿರ ಬರುವಷ್ಟರಲ್ಲಿ ಅದೇ ಶಾಫ್ಟು ಮುಂದಕ್ಕೆ ಬಾಗಿರುತ್ತದೆ. ತೀರ ಮೆದುವಾದರೆ ಬಲಗೈ ಆಟಗಾರನ ಚೆಂಡು ಮೇಲೆದ್ದು ಎಡಕ್ಕೆ ವಾಲುತ್ತದೆ, ತೀರ ಬಿಗಿಯಾದರೆ ತಗ್ಗಿನಲ್ಲಿ ಬಲಕ್ಕೆ ಜಾರುತ್ತದೆ. ತಲೆ ಚೆಂಡಿಗೆ ತಾಗಿರುವುದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲೊಂದು ಭಾಗ. ಅಷ್ಟರಲ್ಲಿ ಆಟಗಾರ ಏನನ್ನೂ ತಿದ್ದಲಾರ. ಹೊಡೆತ ಕೆಟ್ಟ ಮೇಲೆ ಶಾಫ್ಟನ್ನು ಬೈಯಲು ಮಾತ್ರ ಬೇಕಾದಷ್ಟು ಹೊತ್ತಿರುತ್ತದೆ.

ಇನ್ನು ಪ್ರಮಾಣದ ವಿಚಾರ. ಹಿಡಿಯ ತುದಿಯನ್ನು ಬಿಗಿದು, ಇನ್ನೊಂದು ತುದಿಯನ್ನು ಮೀಟಿ, ನಿಮಿಷಕ್ಕೆ ಎಷ್ಟು ಸಲ ಕಂಪಿಸಿತು ಎಂದು ಎಣಿಸುವ ಯಂತ್ರವಿದೆ. ಡ್ರೈವರ್‌ನಲ್ಲಿ 250ರ ಆಸುಪಾಸು ಆರ್, 260ರ ಆಸುಪಾಸು ಎಸ್ ಎಂಬುದು ರೂಢಿಯ ಅಂದಾಜು. ಆದರೆ ಈ ಅಕ್ಷರಗಳಿಗೆ ಎಲ್ಲ ಕಂಪನಿಗಳೂ ಒಪ್ಪಿದ ಒಂದು ಅಳತೆಯೇ ಇಲ್ಲ. ಒಬ್ಬರ ಆರ್ ಇನ್ನೊಬ್ಬರ ಎಸ್‌ನಷ್ಟೇ ಬಿಗಿಯಿದ್ದೀತು. ಬಂಗಾರಪೇಟೆ ಪಾನಿಪುರಿಯ ನೀರು ಕಣ್ಣಿಗೆ ಬರೀ ನೀರು, ನಾಲಗೆಗೆ ಖಾರ. ಶಾಫ್ಟಿನ ಅಕ್ಷರವೂ ಅದೇ ಜಾತಿಯದು, ನೋಡಿ ನಂಬುವಂಥದ್ದಲ್ಲ.

ಆದ್ದರಿಂದ ಕೋರಮಂಡಲ್‌ನ ಜಿಜ್ಞಾಸುಗಳು ಬೆಳಗಿನ ರೈಲಿಗೆ, ಕೆಲಸಕ್ಕೆ ಹೊರಟವರ ನಡುವೆ ಕಾಲೂರಲು ಜಾಗ ಸಿಕ್ಕರೆ, ಬೆಂಗಳೂರಿಗೆ ಹೋಗಿ ಗಾಲ್ಫ್ ಅಂಗಡಿಯಲ್ಲಿ ಚೆಂಡಿನ ಹಾರಾಟ ಅಳೆಯುವ ಲಾಂಚ್ ಮಾನಿಟರ್ ಮುಂದೆ ನಿಲ್ಲತಕ್ಕದ್ದು. ಅಂಗಡಿಯವರಿಗೆ ಹೇಳಿ ಅಕ್ಷರಗಳ ಮೇಲೆ ಟೇಪು ಅಂಟಿಸಿಕೊಳ್ಳತಕ್ಕದ್ದು. ಒಂದೊಂದು ಕೋಲಿನಲ್ಲೂ ಹತ್ತು ಚೆಂಡು ಹೊಡೆದು, ದೂರಕ್ಕಿಂತ ಮೊದಲು ಚೆಂಡುಗಳು ಎಷ್ಟು ಚದುರಿವೆ ಎಂದು ನೋಡತಕ್ಕದ್ದು. ಎರಡು ಸಮಸಮ ಬಂದರೆ ಮೆದುವಾದದ್ದೇ ಇರಲಿ ಎಂಬುದು ಈ ಪ್ರಬಂಧದ ಪಕ್ಷಪಾತ.

ಟೇಪು ಕಿತ್ತಾಗ ಕೆಳಗೆ ‘ಎ’ ಕಂಡರೆ ಏನು ಗತಿ ಎಂಬ ಪ್ರಶ್ನೆ ಉಳಿಯುತ್ತದೆ. ಅಕ್ಷರವನ್ನು ಉಗುರಿನಿಂದ ಕೆರೆದು ತೆಗೆಯಲು ಗಾಲ್ಫ್ ನಿಯಮಗಳ ಅಡ್ಡಿಯೇನಿಲ್ಲ.