ಶಿರಸ್ತೇದಾರರು ಕೂತುಬಿಟ್ಟರು

ಅಮೆರಿಕದ ಮಿಡ್‌ವೆಸ್ಟಿನ ಆ ಊರಿನ ಕನ್ನಡ ಕೂಟದ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಶಿರಸ್ತೇದಾರರು ಸಂಪಾದಕರಿಗೆ ಪತ್ರ ಬರೆಯುತ್ತಾರೆ, ಕೂಟದವರೂ ಬರೆಯುತ್ತಾರೆ, ಯಾರ ಪತ್ರದಲ್ಲಿ ಕಾಗುಣಿತದ ತಪ್ಪು ಕಮ್ಮಿ ಅಂತ ಇನ್ನೊಂದು ಜಗಳ ಶುರುವಾಗುತ್ತದೆ. ಈಗಿರುವುದೇ ಧಾರಾಳವಾಗಿದೆ. ರಾಜ್ಯೋತ್ಸವದ ಮಾರನೆ ದಿನದಿಂದ ಆ ಮನೆಯಲ್ಲಿ ಮಾವನಿಗೂ ಸೊಸೆಗೂ ನೇರ ಮಾತಿಲ್ಲ. ಒಂಬತ್ತು ವರ್ಷದ ಮೊಮ್ಮಗಳು ಮಧ್ಯೆ ನಿಂತು ಟಪಾಲು ಹಂಚುತ್ತಾಳೆ.

"ತಾತ, ಕಾಫಿ ಟೇಬಲ್ ಮೇಲಿದೆ ಅಂತ ಹೇಳ್ಬೇಕಂತೆ."

"ನೋಡಿದೀನಿ. ಸಕ್ಕರೆ ಕಮ್ಮಿ ಅಂತ ತಿಳಿಸು."

ಮಾವನವರು ತುಮಕೂರು ಜಿಲ್ಲೆಯ ತಾಲ್ಲೂಕು ಕಚೇರಿಯೊಂದರಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಕಚೇರಿ ಅವರನ್ನು ಬಿಟ್ಟು ಎಷ್ಟೋ ವರ್ಷವಾಯಿತು, ಅವರು ಮಾತ್ರ ಕಚೇರಿಯನ್ನು ಬಿಟ್ಟಿಲ್ಲ. ಮಗನ ಮನೆಯ ಫ್ರಿಜ್ಜಿಗೆ ಅಂಟಿಸುವ ಹಾಲು, ಮೊಸರಿನ ಪಟ್ಟಿಯ ಕೆಳಗೂ ರುಜು, ದಿನಾಂಕ ಇರುತ್ತದೆ. ಕೈಯಲ್ಲಿ ಎಚ್‌ಎಂಟಿ ಜನತಾ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ, ಆಮೇಲೆ ತುಮಕೂರಿಗೂ ಬಂದ ಆ ಗಡಿಯಾರದ ಕಾರ್ಖಾನೆ ಬಾಗಿಲು ಹಾಕಿದೆ. ಇವರ ಜನತಾ ದಿನಾ ಬೆಳಿಗ್ಗೆ ಕೀ ಕೊಟ್ಟರೆ ಈಗಲೂ ಓಡುತ್ತದೆ. ನಾಡಿ ಬಡಿತ ತೋರಿಸುತ್ತದೆ ಅಂತ ಮಗ ಆಸೆಪಟ್ಟು ತಂದ ಹೊಸ ವಾಚು ಡಬ್ಬದಲ್ಲೇ ಇದೆ. "ನನ್ನ ನಾಡಿ ನನಗೆ ಗೊತ್ತಿಲ್ವೇನೋ?"

ಜಗಳದ ಮೂಲ ನಾಡಗೀತೆ. ಕುವೆಂಪು ಅವರ ಕವನವನ್ನು ಸರ್ಕಾರ ನಾಡಗೀತೆಯೆಂದು ಘೋಷಿಸಿದ್ದು 2004ರ ಜನವರಿ 6ರಂದು. ಅದನ್ನು ಯಾವ ಧಾಟಿಯಲ್ಲಿ, ಎಷ್ಟು ಹೊತ್ತು ಹಾಡಬೇಕು ಎಂಬುದು ಇತ್ಯರ್ಥವಾಗಲು ಮತ್ತೆ ಹದಿನೆಂಟು ವರ್ಷ ಹಿಡಿಯಿತು. ಮೈಸೂರು ಅನಂತಸ್ವಾಮಿಯವರ ಧಾಟಿಯೋ ಸಿ. ಅಶ್ವತ್ಥ್ ಅವರದೋ ಎಂದು ಸಮಿತಿಗಳು ಕೂತವು, ಎದ್ದವು. ಕೊನೆಗೆ 2022ರ ಸೆಪ್ಟೆಂಬರ್ 25ರಂದು ಆದೇಶ ಬಂತು: ಅನಂತಸ್ವಾಮಿಯವರ ಧಾಟಿ, ಆಲಾಪ ಕೂಡದು, ಹಾಡಿದ್ದನ್ನೇ ಹಾಡಕೂಡದು, ಒಟ್ಟು 2 ನಿಮಿಷ 30 ಸೆಕೆಂಡು. ಇದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದ ಅರ್ಜಿಯೂ 2024ರಲ್ಲಿ ವಜಾ ಆಯಿತು. ಕರ್ನಾಟಕದಲ್ಲೇ ಎಷ್ಟೋ ಜನಕ್ಕೆ ಇಷ್ಟೆಲ್ಲ ಗೊತ್ತಿಲ್ಲ. ಶಿರಸ್ತೇದಾರರಿಗೆ ಗೊತ್ತು. ಆದೇಶದ ನಕಲು ಅವರ ಸೂಟ್‌ಕೇಸಿನಲ್ಲಿ, ಚಟ್ನಿಪುಡಿಯ ಪಕ್ಕದಲ್ಲಿ, ಸಮುದ್ರ ದಾಟಿ ಬಂದಿದೆ.

ಹೊರನಾಡಿನಲ್ಲಿ ರಾಜ್ಯೋತ್ಸವ ನವೆಂಬರ್ 1ಕ್ಕೆ ಬರುವುದಿಲ್ಲ, ಹೈಸ್ಕೂಲಿನ ಆಡಿಟೋರಿಯಂ ಖಾಲಿ ಸಿಕ್ಕ ಶನಿವಾರ ಬರುತ್ತದೆ. ದೀಪಾವಳಿಯೂ ಅದೇ ಬಾಡಿಗೆಯಲ್ಲಿ ಸೇರಿಹೋಗುತ್ತದೆ. ಈ ಸಲ ಅದು ತಿಂಗಳ ಮೂರನೆಯ ಶನಿವಾರ. ಕಾರ್ಯಕ್ರಮ ನಾಲ್ಕಕ್ಕೆ ಎಂದಿತ್ತು. ಶಿರಸ್ತೇದಾರರು ಮೂರೂ ಮುಕ್ಕಾಲಿಗೇ ಹೋಗಿ ಮೊದಲ ಸಾಲಿನಲ್ಲಿ ಕೂತರು. ಮೈಕು "ಹಲೋ, ಚೆಕ್" ಅಂದಿದ್ದು ಐದಕ್ಕೆ.

ಮೊದಲು ಅಮೆರಿಕದ ರಾಷ್ಟ್ರಗೀತೆ. ಆಮೇಲೆ ಜನಗಣಮನ, ನಿಯಮದ ಪ್ರಕಾರ 52 ಸೆಕೆಂಡು, ಮೂರು ಸೆಕೆಂಡು ಜಾಸ್ತಿ ಹಿಡಿಯಿತು, ಹೊರದೇಶವೆಂದು ಅವರು ಮನ್ನಿಸಿದರು. ಮೂರನೆಯದು ನಾಡಗೀತೆ. ಮಕ್ಕಳ ತಂಡ, ಮುಂದೆ ನಿಂತು ಹಾಡಿಸುವವಳು ಸೊಸೆ. ಧಾಟಿ ಅಶ್ವತ್ಥ್ ಅವರದು. ಅಲ್ಲಿಗೇ ಶಿರಸ್ತೇದಾರರ ಹುಬ್ಬು ಒಂದು ಸಲ ಏರಿತು.

ಕೂಟದಲ್ಲಿ ಹಾಡಿನ ಉದ್ದವನ್ನು ಕವಿ ತೀರ್ಮಾನಿಸುವುದಿಲ್ಲ, ತಂದೆ ತಾಯಿ ತೀರ್ಮಾನಿಸುತ್ತಾರೆ. ವೇದಿಕೆಯ ಮೇಲೆ ಇಪ್ಪತ್ತೆರಡು ಮಕ್ಕಳು. ಪ್ರತಿ ಮಗುವಿಗೂ ಒಂಟಿಯಾಗಿ ಒಂದು ಸಾಲು ಸಿಗಲೇಬೇಕು, ಇಲ್ಲದಿದ್ದರೆ ಮುಂದಿನ ವರ್ಷ ಆ ಮನೆಯಿಂದ ಚಂದಾ ಬರುವುದಿಲ್ಲ. ಸಾಲು ಸಾಲದೆ ಬಂದಾಗ ಹಾಡಿದ್ದನ್ನೇ ಇನ್ನೊಂದು ಮಗುವಿಗೆ ಕೊಡುತ್ತಾರೆ. ಮೈಕು ಕೈಯಿಂದ ಕೈಗೆ ಹೋಗಬೇಕು, ಎತ್ತರಕ್ಕೆ ತಕ್ಕ ಹಾಗೆ ಬಗ್ಗಬೇಕು, ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡ ಚೀಟಿಯಲ್ಲಿ ಸಾಲು ಸಿಗಬೇಕು.

ಸರಿಯಾಗಿ ಎರಡೂವರೆ ನಿಮಿಷಕ್ಕೆ, ವೇದಿಕೆಯ ಮೇಲೆ ಇನ್ನೂ ಹತ್ತು ಮಕ್ಕಳ ಸರದಿ ಬಾಕಿ ಇರುವಾಗ, ಶಿರಸ್ತೇದಾರರು ಜನತಾ ನೋಡಿಕೊಂಡು ಕೂತುಬಿಟ್ಟರು.

ಸಭಾಂಗಣದಲ್ಲಿ ಮುನ್ನೂರು ಜನ ನೆಟ್ಟಗೆ ನಿಂತಿದ್ದಾರೆ. ಮೊದಲ ಸಾಲಿನಲ್ಲಿ ಜರಿ ಪಂಚೆಯ ಹಿರಿಯರೊಬ್ಬರು ಮಾತ್ರ ಕೂತಿದ್ದಾರೆ, ಕಣ್ಣು ಮುಚ್ಚಿದ್ದಾರೆ. ಹೆಂಡತಿ ತೋಳು ಹಿಡಿದು ಎಳೆದರೆ ಏಳುತ್ತಿಲ್ಲ. ಹಿಂದಿನ ಸಾಲಿನಿಂದ ಯಾರೋ "ಅಂಕಲ್‌ಗೆ ಏನೋ ಆಯ್ತು!" ಎಂದರು.

ಇಲ್ಲೊಂದು ಮಾತು. 1965ರ ವಲಸೆ ಕಾಯಿದೆ ಅಮೆರಿಕದ ಬಾಗಿಲು ತೆರೆದ ಮೇಲೆ ಕರ್ನಾಟಕದಿಂದ ಹೋದವರ ಮೊದಲ ಅಲೆಯಲ್ಲಿ ಡಾಕ್ಟರುಗಳು ಬಹಳ. ಎಪ್ಪತ್ತರ ದಶಕದಲ್ಲಿ ಕೂಟಗಳನ್ನು ಕಟ್ಟಿದ ಕೈಗಳಲ್ಲಿ ಅವರದೂ ಸೇರಿದೆ. ಮೈಸೂರು ರಾಜ್ಯ ಕರ್ನಾಟಕವಾದ 1973ರಲ್ಲೇ ಉತ್ತರ ಕ್ಯಾಲಿಫೋರ್ನಿಯಾದ ಕೂಟವೂ ಹುಟ್ಟಿತು. ಇಂಥ ಸಭೆಯಲ್ಲಿ ಹಿರಿಯರೊಬ್ಬರು ಕಣ್ಣು ಮುಚ್ಚಿ ಕೂತರೆ ಏನಾಗಬೇಕೋ ಅದೇ ಆಯಿತು. ಎಂಟು ದಿಕ್ಕಿನಿಂದ ಎಂಟು ಡಾಕ್ಟರು ಓಡಿ ಬಂದರು. ಹೃದಯದವರು ಎಡಗೈ ಹಿಡಿದರು, ಅರಿವಳಿಕೆಯವರು ಬಲಗೈ ಹಿಡಿದರು. ದಂತವೈದ್ಯರೊಬ್ಬರು ಬೇರೇನೂ ಉಳಿದಿಲ್ಲದ್ದರಿಂದ ಬಾಯಿ ತೆರೆಸಿದರು. ಮಕ್ಕಳ ಡಾಕ್ಟರು "ನೋವಾಗ್ತಿದ್ಯಾ ಪುಟ್ಟಾ?" ಎಂದು ಅಭ್ಯಾಸಬಲದಿಂದ ಕೇಳಿದರು. ಶಾಲೆಯ ಕಾವಲುಗಾರ ಗೋಡೆಯಲ್ಲಿದ್ದ, ಹೃದಯಕ್ಕೆ ಶಾಕ್ ಕೊಡುವ ಪೆಟ್ಟಿಗೆಯನ್ನು ಕಿತ್ತುಕೊಂಡು ಓಡಿ ಬಂದ. ಯಾರೋ ಹುಡುಗ 911ಕ್ಕೆ ಫೋನು ಮಾಡಿಯೇಬಿಟ್ಟ.

ನರರೋಗ ತಜ್ಞೆಯೊಬ್ಬರು ಬಗ್ಗಿ, "ಅಂಕಲ್, ಇವತ್ತು ಯಾವ ತಾರೀಖು ಹೇಳಿ?" ಎಂದರು. ಮಿದುಳಿಗೆ ಪೆಟ್ಟಾಗಿದೆಯೇ ಎಂದು ತಿಳಿಯಲು ಕೇಳುವ ಪ್ರಶ್ನೆ ಅದು. ಶಿರಸ್ತೇದಾರರು ಕಣ್ಣು ತೆರೆದು, "ನೀವು ರಾಜ್ಯೋತ್ಸವ ಮಾಡ್ತಿದೀರಿ ಅಂದ್ಮೇಲೆ ನವೆಂಬರ್ ಒಂದು ಇರಬೇಕು" ಎಂದರು.

ತಜ್ಞೆಯ ಮುಖ ಬಿಳಿಚಿತು. "ಸ್ಟ್ರೋಕ್" ಎಂಬ ಪಿಸುಮಾತು ಕೊನೆಯ ಸಾಲಿನ ತನಕ ಹೋಯಿತು.

ಇಷ್ಟಾದರೂ ಹಾಡು ನಿಂತಿರಲಿಲ್ಲ. ಮಕ್ಕಳ ಸರದಿ ಬಾಕಿ ಇತ್ತಲ್ಲ. ಸೊಸೆ ಒಂದು ಕಣ್ಣಿನಲ್ಲಿ ಮಾವನನ್ನು, ಇನ್ನೊಂದರಲ್ಲಿ ಮೈಕನ್ನು ನೋಡುತ್ತ, ಅಳುತ್ತಲೇ ತಾಳ ಹಾಕಿ ಕೊನೆಯ ಸಾಲು ಮುಟ್ಟಿಸಿದಳು. ಆಗ ಎಂಟು ಡಾಕ್ಟರುಗಳ ನಡುವಿನಿಂದ ಶಿರಸ್ತೇದಾರರ ಧ್ವನಿ ಬಂತು: "ಐದು ನಿಮಿಷ ಹತ್ತು ಸೆಕೆಂಡು. ಆದೇಶಕ್ಕೆ ವಿರುದ್ಧ."

ಆಂಬುಲೆನ್ಸು ಬಂದೇ ಬಂತು. ಅಮೆರಿಕದಲ್ಲಿ ಅದನ್ನು ಹತ್ತಿದರೆ ರೋಗಕ್ಕಿಂತ ಬಿಲ್ಲು ಗಂಭೀರ. "ನನಗೆ ಚಿಕಿತ್ಸೆ ಬೇಡ" ಎಂಬ ಕಾಗದಕ್ಕೆ ಸಹಿ ಹಾಕಪ್ಪಾ ಎಂದು ಮಗ ಕೈ ಮುಗಿದ. ಶಿರಸ್ತೇದಾರರು ಕನ್ನಡಕ ತರಿಸಿ ಕಾಗದವನ್ನು ಪೂರ್ತಿ ಓದಿ, ಎರಡು ಕಡೆ ಗುರುತು ಹಾಕಿ, ಸಹಿ ಮಾಡಿ, ನಕಲು ಪ್ರತಿ ಕೇಳಿದರು. ಆಮೇಲೆ ಬಿಸಿಬೇಳೆಬಾತಿನ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತರು.

ಸೊಸೆಯ ಸಂಕಟ ಸಣ್ಣದಲ್ಲ. ಎರಡು ತಿಂಗಳು ಭಾನುವಾರದ ನಿದ್ದೆ ಬಿಟ್ಟು ಇಪ್ಪತ್ತೆರಡು ನಾಲಿಗೆಗಳಿಗೆ ಳಕಾರ ಕೂಡಿಸಿದವಳು ಅವಳು. ಆ ದಿನ ಅಷ್ಟೂ ಫೋನುಗಳು ಮಕ್ಕಳನ್ನು ಬಿಟ್ಟು ಮಾವನ ಕಡೆ ತಿರುಗಿದ್ದವು. ಹತ್ತು ಮಕ್ಕಳ ಸಾಲಿಗೆ ವಿಡಿಯೊವೇ ಇಲ್ಲ. ತಾಯಂದಿರು ಯುಗಾದಿಗೆ ಮತ್ತೆ ಹಾಡಿಸಿ ಎಂದು ಬೆನ್ನು ಬಿದ್ದಿದ್ದಾರೆ. ಮಾವನ ವಿಡಿಯೊವೋ, ವಾಟ್ಸಾಪಿನಲ್ಲಿ ತುಮಕೂರು ಮುಟ್ಟುವ ಹೊತ್ತಿಗೆ "ನಾಡಗೀತೆ ಕೇಳುತ್ತಲೇ ಕುಸಿದ ಹಿರಿಯ ಕನ್ನಡಾಭಿಮಾನಿ" ಆಗಿತ್ತು. ಅವರ ತಂಗಿ ಫೋನಿನಲ್ಲಿ ಅಳುತ್ತಿದ್ದರೆ ಫೋನು ಎತ್ತಿದ್ದು ಶಿರಸ್ತೇದಾರರೇ.

"ಅಪ್ಪ, ಆ ಆದೇಶ ಕರ್ನಾಟಕಕ್ಕೆ, ಇಲ್ಲಿಗಲ್ಲ" ಎಂದು ಮಗ ವಾದಿಸಿದ.

"ಹಾಡು ಬೇಕು, ಆದೇಶ ಬೇಡ. ಪ್ರಸಾದ ಬೇಕು, ಪೂಜೆ ಬೇಡ ಅಂದಂಗಾಯ್ತು."

ಮೊಮ್ಮಗಳನ್ನಾದರೂ ತಮ್ಮ ಪಕ್ಷಕ್ಕೆ ಎಳೆಯೋಣವೆಂದು ಅವರು ಮನೆಯಲ್ಲೇ ತರಗತಿ ತೆರೆದರು. ಕನ್ನಡ ನಾಡಿನ ದೊಡ್ಡ ಹೆಸರುಗಳಿಂದ ಆರಂಭ.

"ಪಂಪ ಯಾರಮ್ಮಾ?"

"ಪಂಪ ಡೆಟ್ರಾಯಿಟ್ ತಾತ."

"ವಿದ್ಯಾರಣ್ಯ?"

"ಶಿಕಾಗೊ."

"ನೃಪತುಂಗ?"

"ಅಟ್ಲಾಂಟಾ. ಅವರ ಡ್ಯಾನ್ಸ್ ಗ್ರೂಪ್ ಸಕತ್ತಾಗಿದೆ."

ಮಗುವಿನ ತಪ್ಪಿಲ್ಲ. ಆ ಊರುಗಳ ಕನ್ನಡ ಕೂಟಗಳ ಹೆಸರುಗಳೇ ಅವು. ಬಾಸ್ಟನ್ ಕಡೆಯದು ಮಂದಾರ, ವಾಷಿಂಗ್ಟನ್ನಿನದು ಕಾವೇರಿ. ಆ ರಾತ್ರಿ ಶಿರಸ್ತೇದಾರರು ಮಗನನ್ನು ಕರೆದು, "ನಿನ್ನ ಮಗಳ ಪ್ರಕಾರ ಕಾವೇರಿ ವಾಷಿಂಗ್ಟನ್‌ನಲ್ಲಿ ಹುಟ್ತಾಳೆ. ಒಳ್ಳೇದೇ ಬಿಡು, ತಮಿಳುನಾಡಿಗೆ ನೀರು ಬಿಡೋ ತಾಪತ್ರಯವಿಲ್ಲ" ಎಂದರು.

ಜಗಳಕ್ಕೆ ಮುಂಚಿನ ಶಿರಸ್ತೇದಾರರನ್ನು ನೋಡಿದವರಿಗೆ ಮಾತ್ರ ಈ ಗದ್ದಲದ ಬೆಲೆ ಗೊತ್ತು. ತುಮಕೂರಿನಲ್ಲಿ ಬೆಳಗಿನ ಹಾಲು ತರಲು ಹೊರಟರೆ ಮನೆಗೆ ಮರಳುವಷ್ಟರಲ್ಲಿ ನಾಲ್ಕು ಕಡೆ ನಿಂತು ಮಾತಾಡುತ್ತಿದ್ದವರು, ಇಲ್ಲಿಗೆ ಬಂದ ಮೇಲೆ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಟಪಾಲಿನ ಬಿಳಿ ಗಾಡಿಗೆ ಕಾಯುತ್ತಿದ್ದರು. ಗಾಡಿ ಬರುತ್ತಿತ್ತು, ಕಾಗದ ಹಾಕುತ್ತಿತ್ತು, ಹೋಗುತ್ತಿತ್ತು. ಒಂದೇ ಒಂದು ಕಾಗದವೂ ಅವರ ಹೆಸರಿಗೆ ಇರುತ್ತಿರಲಿಲ್ಲ. ಅವರ ಫೋನು ಗಂಟೆ ಬಾರಿಸುವುದನ್ನೇ ಮರೆತಿತ್ತು. ಮಗ ಇಲ್ಲಿ ಹದಿನೆಂಟು ವರ್ಷದಿಂದ ಇದ್ದಾನೆ. ಕೂಟಕ್ಕೂ ಅವನಿಗೂ ಇರುವ ನಂಟು ಊಟದ ಕೂಪನ್ನಿನದು. ಅಪ್ಪನಿಗೆ ಯಾರ ಪರಿಚಯ ಮಾಡಿಸುವುದೆಂದು ಅವನಿಗೂ ಗೊತ್ತಿರಲಿಲ್ಲ.

ಈಗ ಫೋನು ಬಿಡುವಿಲ್ಲ. ಎಂಟು ಡಾಕ್ಟರುಗಳೂ ಸರದಿಯ ಮೇಲೆ ಆರೋಗ್ಯ ವಿಚಾರಿಸುತ್ತಾರೆ. ದಂತವೈದ್ಯರು ಹುಳುಕು ಹಲ್ಲನ್ನು ನೆನಪಿಸುತ್ತಾರೆ. ಐದು ನಿಮಿಷ ನಿಂತು ಕಾಲು ಸೋತ ಹಿರಿಯರು ಗುಟ್ಟಾಗಿ ಫೋನು ಮಾಡಿ "ಒಳ್ಳೇ ಕೆಲಸ ಮಾಡಿದ್ರಿ ಸಾರ್" ಎನ್ನುತ್ತಾರೆ. ಊರಿಗೆಲ್ಲ ಅವರ ಪರಿಚಯವಾಗಿದೆ. ಹದಿನೆಂಟು ವರ್ಷದಿಂದ ಇಲ್ಲಿರುವ ಮಗನನ್ನು ಈಗ ಅಂಗಡಿಯಲ್ಲಿ ಕಂಡವರು "ನೀವು ಶಿರಸ್ತೇದಾರರ ಮಗ ಅಲ್ವಾ?" ಎನ್ನುತ್ತಾರೆ.

ಅತ್ತೆ ಒಂದು ಸಂಜೆ ಬದನೆಕಾಯಿ ಹೆಚ್ಚುತ್ತ ಸೊಸೆಗೆ ಸಣ್ಣ ದನಿಯಲ್ಲಿ ಹೇಳಿದರು: "ಆದೇಶಾನೂ ಇಲ್ಲ, ಮಣ್ಣೂ ಇಲ್ಲ ಕಣಮ್ಮ. ವಿಮಾನ ಇಳಿದಾಗಿಂದ ಅವರಿಗೆ ಮಂಡಿ ನೋವು. ಮೂರು ಹಾಡಿಗೆ ನಿಂತೂ ನಿಂತೂ ಆಗಲಿಲ್ಲ. ಹಾಗಂತ ಬಾಯಿಬಿಟ್ಟು ಹೇಳ್ತಾರಾ?" ಸೊಸೆ ಏನೂ ಅನ್ನಲಿಲ್ಲ. ಮಾರನೆ ದಿನ ಅವರ ಕುರ್ಚಿಯ ಮೇಲೆ ಮಂಡಿಗೆ ಹಾಕುವ ಪಟ್ಟಿ ಇತ್ತು. ಕಾಫಿಗೆ ಸಕ್ಕರೆ ಸರಿಯಾಗಿತ್ತು. ಮಾತು ಮಾತ್ರ ಇನ್ನೂ ಮೊಮ್ಮಗಳ ಮೂಲಕವೇ.

ಎಲ್ಲಕ್ಕಿಂತ ಅನಿರೀಕ್ಷಿತವಾಗಿ ಬಂದವರು ಕೂಟದ ಸ್ಥಾಪಕ ಡಾಕ್ಟರು. ಎಪ್ಪತ್ತರ ದಶಕದಲ್ಲಿ ಬಂದವರು, ಹೆಂಡತಿ ಹೋದ ಮೇಲೆ ದೊಡ್ಡ ಮನೆಯಲ್ಲಿ ಒಬ್ಬರೇ ಇರುವವರು. ಕೂಟಕ್ಕೆ ಆ ಹಾಡು, ಆ ಧಾಟಿ ಕಲಿಸಿದವರು ಅವರೇ, ಕ್ಯಾಸೆಟ್ ಕೇಳಿಸಿ. ಬಿ.ಪಿ. ನೋಡುವ ನೆಪದಲ್ಲಿ ಬಂದು, ಪಟ್ಟಿ ಸುತ್ತುವ ಮೊದಲೇ "ಅಶ್ವತ್ಥ್ ಧಾಟಿಗೇನ್ರೀ ಕಮ್ಮಿಯಾಗಿರೋದು?" ಎಂದು ಶುರು ಮಾಡಿದರು. ಬಿ.ಪಿ. ಇಬ್ಬರದೂ ಏರಿತು. ಇಬ್ಬರೂ ಈಗ ದಿನಾ ಬೆಳಿಗ್ಗೆ ಮಾಲ್‌ನೊಳಗೆ ವಾಕಿಂಗ್ ಹೋಗುತ್ತಾರೆ. ಹೊರಗೆ ಹಿಮ ಬೀಳುವ ಊರುಗಳಲ್ಲಿ ಅಂಗಡಿ ತೆರೆಯುವ ಮುಂಚೆ ಮುದುಕರು ನಡೆಯುವುದು ಅಲ್ಲೇ. ಬೀಗ ಹಾಕಿದ ಚಪ್ಪಲಿ ಅಂಗಡಿಗಳ ಮುಂದೆ ಒಬ್ಬರು ಅಶ್ವತ್ಥ್ ಧಾಟಿಯಲ್ಲಿ ಗುನುಗಿದರೆ, ಇನ್ನೊಬ್ಬರು ಅನಂತಸ್ವಾಮಿ ಧಾಟಿಯಲ್ಲಿ ಅದನ್ನು ಅಡ್ಡಗಟ್ಟುತ್ತಾರೆ. ಮಂಡಿ ನೋವಿನವರು ಮಧ್ಯೆ ಬೆಂಚು ಸಿಕ್ಕಾಗ ಕೂರುತ್ತಾರೆ, ಅದಕ್ಕೆ ಯಾವ ಆದೇಶದ ಆಧಾರವನ್ನೂ ಕೊಡುವುದಿಲ್ಲ.

ಯುಗಾದಿಗೆ ಒಪ್ಪಂದವಾಗಿದೆ. ಆರಂಭದಲ್ಲಿ ಎಲ್ಲರೂ ಸೇರಿ ಎರಡೂವರೆ ನಿಮಿಷದ ನಾಡಗೀತೆ. ಮಕ್ಕಳ ಒಂಟಿ ಸಾಲುಗಳ ಉದ್ದ ಹಾಡು ಕೊನೆಯಲ್ಲಿ, ಊಟಕ್ಕೆ ಮುಂಚೆ. ಆಗ ಯಾರೂ ನಿಲ್ಲಬೇಕಾಗಿಲ್ಲ. ಇದನ್ನು ಲಿಖಿತವಾಗಿ ಮಂಡಿಸಲು ಹೋದಾಗ ಶಿರಸ್ತೇದಾರರಿಗೆ ಒಂದು ಲೋಪ ಕಣ್ಣಿಗೆ ಬಿತ್ತು: ಕೂಟದ ನಿಯಮಾವಳಿಯಲ್ಲಿ ಆರು ತಿಂಗಳ ವೀಸಾದಲ್ಲಿ ಬರುವ ಅಪ್ಪ ಅಮ್ಮಂದಿರಿಗೆ ಸದಸ್ಯತ್ವವೇ ಇಲ್ಲ. ಸದಸ್ಯರಲ್ಲದವರು ಆಕ್ಷೇಪಣೆ ಸಲ್ಲಿಸುವುದು ಹೇಗೆ? ಮೂರು ಪುಟದ ಅರ್ಜಿ ಬರೆದರು. ಡಾಕ್ಟರು ಅನುಮೋದಿಸಿದರು. ಇಂಗ್ಲಿಷಿಗೆ ತರ್ಜುಮೆ ಮಾಡಿ ಟೈಪು ಮಾಡಿದ್ದು ಸೊಸೆ. ಎಲ್ಲಿ ಸಹಿ ಹಾಕಬೇಕೆಂದು ತೋರಿಸುವಾಗ ಬೇರೆ ದಾರಿಯಿಲ್ಲದೆ "ಮಾವ, ಇಲ್ಲಿ" ಎಂದಳು.

ಕಾರ್ಯಕಾರಿ ಸಮಿತಿ "ಹಿರಿಯ ಅತಿಥಿ ಸದಸ್ಯ" ಎಂಬ ಹೊಸ ವರ್ಗ ಮಾಡಿದೆ, ಚಂದಾ ಐದು ಡಾಲರು. ಶಿರಸ್ತೇದಾರರು ಮೊದಲ ಸದಸ್ಯರಾಗಿ ನಗದು ಕಟ್ಟಿ ರಸೀದಿ ಕೇಳಿದರು. ದುಡ್ಡೆಲ್ಲ ಫೋನಿನಲ್ಲೇ ಬಂದು ಹೋಗುವ ಕೂಟದಲ್ಲಿ ರಸೀದಿ ಪುಸ್ತಕವೇ ಇರಲಿಲ್ಲ. ತುಮಕೂರಿನಲ್ಲಿ ಅಚ್ಚು ಹಾಕಿಸಲು ಕೊಟ್ಟಿದ್ದಾರೆ. ಎರಡು ಪ್ರತಿಯದು, ನಡುವೆ ಕಾರ್ಬನ್ ಇಡುವಂಥದ್ದು.