ಒಂಬತ್ತು ತಲೆಯ ಸುಂದರಿ

ವಸ್ತ್ರವಿನ್ಯಾಸವೆಂಬ ವಿದ್ಯೆಯನ್ನು ಬೆಂಗಳೂರಿನಲ್ಲಿ ಅಭ್ಯಸಿಸುವ ಸಲುವಾಗಿ ನಮ್ಮ ಮನೆಯಲ್ಲಿ ಬಿಡಾರ ಹೂಡಿರುವ ನನ್ನ ಸೋದರಸೊಸೆಯು, ತೊಟ್ಟ ಅಂಗಿಯ ಗುಂಡಿ ಕಿತ್ತುಬಂದರೆ ಹೊಲಿದುಕೊಡೆಂದು ತನ್ನ ಅತ್ತೆಯ ಬಳಿಗೆ ಓಡುವವಳಾದರೂ, ಕಂಕುಳಲ್ಲಿ ದಪ್ಪನೆಯ ಸ್ಕೆಚ್ ಪುಸ್ತಕವೊಂದನ್ನು ಇರುಕಿಕೊಳ್ಳದೆ ಹೊಸಿಲು ದಾಟುವವಳಲ್ಲ. ಆ ಕುಲದವರ ಲಕ್ಷಣವೇ ಅದು. ಗೋಡೆಯ ಮೂಲೆಯಲ್ಲಿ ಕುಂಬಾರಹುಳು ಗೂಡು ಕಟ್ಟಿದ್ದರೆ ನಾವು ಪೊರಕೆಯನ್ನು ಅರಸುತ್ತೇವೆ, ಅವರು “ಆಹಾ, ಟೆಕ್ಸ್ಚರ್!” ಎಂದು ಉದ್ಗರಿಸಿ ಪೆನ್ಸಿಲನ್ನು ಅರಸುತ್ತಾರೆ.

ಆ ಪುಸ್ತಕವನ್ನು ಒಮ್ಮೆ ಬಿಡಿಸಿ ನೋಡಿದೆನು. ಮೊದಲ ಪುಟದಲ್ಲಿ ಗೂಡಾಗಿಯೇ ಇದ್ದ ಗೂಡು ಎರಡನೆಯದರಲ್ಲಿ ಉಬ್ಬುತೋಳಾಗಿ, ಐದನೆಯದರಲ್ಲಿ ನೆರಿಗೆಗಳ ನಿಲುವಂಗಿಯಾಗಿ ಅವತಾರವೆತ್ತಿದ್ದಿತು; ಪಕ್ಕದಲ್ಲಿ ಗುಳೇದಗುಡ್ಡದ ಖಣದ ಚೂರೊಂದನ್ನು ಗುಂಡುಸೂಜಿಯಿಂದ ಚುಚ್ಚಿದ್ದಳು. ಅಂಗಿ ತೊಟ್ಟ ಹೆಣ್ಣೋ, ತೆಂಗಿನ ಮರದಂತೆ ಬೆಳೆದಿದ್ದಳು. ವಿಚಾರಿಸಲಾಗಿ, “ಅದು ಒಂಬತ್ತು ತಲೆ ಲೆಕ್ಕ, ಮಾವ” ಎಂದಳು. ನರಮನುಷ್ಯರ ಎತ್ತರವು ಅವರವರ ತಲೆಯ ಉದ್ದದ ಸುಮಾರು ಏಳೂವರೆಯಷ್ಟಿದ್ದರೆ, ಈ ಶಾಸ್ತ್ರದ ಸುಂದರಿಗೆ ಒಂಬತ್ತರಷ್ಟಂತೆ. ಹೆಚ್ಚುವರಿಯ ಬಹುಭಾಗವು ಕಾಲಿಗೆ ಸಂದಾಯ. ರಾವಣನಿಗಾದರೋ ತಲೆಗಳು ಅಡ್ಡಕ್ಕಿದ್ದವು.

ಪ್ಯಾರಿಸ್ಸಿನ ಮಾದ್ಲೆನ್ ವಿಯೊನೆ ಎಂಬಾಕೆ ಪುಟ್ಟ ಮರದ ಬೊಂಬೆಗೆ ಬಟ್ಟೆ ಸುತ್ತಿ ಸುತ್ತಿ ನೋಡಿಯೇ ತನ್ನ ಉಡುಪುಗಳನ್ನು ಕಲ್ಪಿಸುತ್ತಿದ್ದಳೆಂದೂ, ನೂಲಿನ ನೇರಕ್ಕಲ್ಲದೆ 45 ಡಿಗ್ರಿ ಓರೆಗೆ ಕತ್ತರಿಸಿದ ಬಟ್ಟೆಯು ಮೈಗೆ ನೀರಿನಂತೆ ಇಳಿಬೀಳುವುದೆಂಬುದನ್ನು 1920ರ ದಶಕದಲ್ಲಿ ಲೋಕಕ್ಕೆ ತೋರಿಸಿಕೊಟ್ಟಳೆಂದೂ ನನಗೆ ಪಾಠ ಹೇಳಿದವಳು, ನಡುಮನೆಯಲ್ಲಿ ನಿಲ್ಲಿಸಿದ್ದ ಡಮ್ಮಿಗೆ ಕೋರಾ ಬಟ್ಟೆಯನ್ನು ಸುತ್ತಲಾರಂಭಿಸಿದಳು. ಮೂರು ದಿನ ಸುತ್ತಿದಳು, ಮೂರು ದಿನ ಬಿಚ್ಚಿದಳು. ಕಾಗದದ ಮೇಲೆ ವಿನಯದಿಂದ ನಿಂತಿದ್ದ ನೆರಿಗೆಗಳು ಇಲ್ಲಿ ಒಂದು ಕಡೆ ಗುಡ್ಡೆಯಾಗಿ, ಇನ್ನೊಂದು ಕಡೆ ಜೋತುಬಿದ್ದವು. ಕಟ್ಟಕಡೆಗೆ ಅವಳು ಗೋಪ್ಯವಾಗಿ ನಮ್ಮ ಬೀದಿಯ ದರ್ಜಿಯನ್ನು ಆಶ್ರಯಿಸಿದಳು. ಆತನು ಚಿತ್ರವನ್ನು ಬಹಳ ಹೊತ್ತು ದಿಟ್ಟಿಸಿ, “ಚೆನ್ನಾಗೈತಮ್ಮಾ. ಕೈ ಎತ್ತೋದು ಹೆಂಗೆ?” ಎಂದು ಕೇಳಿದನು. ಮೇಲಾಗಿ, ರವಿಕೆಗೆಂದು ನೇಯುವ ಖಣದ ಪನ್ನ ಕಿರಿದು. ತೋಳಿನ ನಟ್ಟನಡುವೆ ಜೋಡು ಹಾಕದೆ ಗತ್ಯಂತರವಿರಲಿಲ್ಲ.

‘ಜ್ಯೂರಿ’ ಎಂದು ಅವರು ಕರೆಯುವ ಪರೀಕ್ಷೆಯ ಹಿಂದಿನ ರಾತ್ರಿ ಎರಡು ಗಂಟೆಗೆ ನಾನು ನೀರು ಕುಡಿಯಲೆಂದು ಎದ್ದಾಗ ಅವಳು ದೀಪದಡಿಯಲ್ಲಿ ಕುಳಿತು ಪುಸ್ತಕದ ಆರನೆಯ ಪುಟದಿಂದ ಮುಂದಕ್ಕೆ ತುಂಬಿಸುತ್ತಿದ್ದಳು. ಅಂಗಿಯು ಆಗಲೇ ಸಿದ್ಧವಾಗಿ ಗೂಟದಲ್ಲಿ ತೂಗುತ್ತಿದ್ದಿತು. ಅದನ್ನು ನೋಡಿ ನೋಡಿ, ಅದು ಹುಟ್ಟುವ ಮೊದಲಿನ ‘ವಿಚಾರವಿಕಾಸ’ವನ್ನು ಬರೆಯುತ್ತಿದ್ದಳು. ದರ್ಜಿಯ ಜೋಡಿಗೆ ‘ಗೂಡಿನ ಬಿರುಕು’ ಎಂಬ ನಾಮಕರಣವಾಗಿದ್ದಿತು. ಪುಟಗಳು ತಿಂಗಳ ಹಿಂದಿನವಾಗಿ ಕಾಣಲೆಂದು ಫಿಲ್ಟರಿನಿಂದ ಕಾಫಿಯ ಡಿಕಾಕ್ಷನ್ ಬಗ್ಗಿಸಿಕೊಂಡು ಅಲ್ಲಲ್ಲಿ ಚಿಮುಕಿಸುತ್ತಲೂ ಇದ್ದಳು.

ಪರೀಕ್ಷಕರು ಅಂಗಿಗಿಂತ ಪುಸ್ತಕವನ್ನೇ ಹೆಚ್ಚು ಮೆಚ್ಚಿಕೊಂಡರಂತೆ. ನನಗೆ ಮಾತ್ರ ಅಂದು ಬೆಳಿಗ್ಗೆ ಕಾಫಿ ಇರಲಿಲ್ಲ.