ಸಂಕಲ್ಪವಿಲ್ಲದ ಸ್ಕ್ರಿಪ್ಟು

‘ಕೆಲಸ ನಡೀತಿದೆ, ನೀನು ಸುಮ್ನಿರು’ ಅನ್ನುವುದು ಪ್ರೋಗ್ರೆಸ್ ಬಾರಿನ ಸ್ವಭಾವ. ‘ನೀನು ಬಾಯಿಬಿಡದೆ ನಾನು ಮುಂದಕ್ಕೆ ಹೋಗೋದಿಲ್ಲ’ ಅನ್ನುವುದು ಪ್ರಶ್ನೆಯ ಸ್ವಭಾವ. ಇವೆರಡನ್ನೂ ಟರ್ಮಿನಲ್ಲಿನ ಒಂದೇ ಸಾಲಿನಲ್ಲಿ ಕೂರಿಸಲು ಹೊರಡುವವರಿದ್ದಾರೆ. ನನ್ನ ಗೆಳೆಯ ಅವರಲ್ಲೊಬ್ಬ.

ಫೋಟೋಗಳನ್ನು ತಾರೀಕಿನ ಪ್ರಕಾರ ಫೋಲ್ಡರಿಗೆ ಹಾಕುವ ಪೈತಾನ್ ಸ್ಕ್ರಿಪ್ಟೊಂದನ್ನು ಆತ ಪ್ರೀತಿಯಿಂದ ಬರೆದುಕೊಟ್ಟ. ಬಾರಿಗೆ ಟಿಕ್ಯೂಡಿಎಂ ಲೈಬ್ರರಿ. ಪ್ರಶ್ನೆಗಳು ಮಾತ್ರ ಅಚ್ಚಗನ್ನಡದಲ್ಲಿ. ಓಡಿಸಿದೆ. ಬಾಕಿ 12 ನಿಮಿಷ ಎಂದು ತೋರಿಸಿತು. ಕಾಫಿಗೆ ಹೇಳಿ ಮಾಡಿಸಿದ ಹೊತ್ತು. ಡಿಕಾಕ್ಷನ್ ಇಳಿಸಿ, ಹಾಲು ಕಾಸಿ, ಲೋಟ ಬರಿದು ಮಾಡಿ ಬಂದು ನೋಡಿದರೆ ಬಾರು ಶೇಕಡಾ 8ರಲ್ಲೇ ನಿಂತಿದೆ. ಅದರ ಬಾಲಕ್ಕೆ ಅಂಟಿಕೊಂಡು: ‘ಈ ಹೆಸರಿನ ಫೈಲ್ ಆಗಲೇ ಇದೆ, ಅಳಿಸಿ ಬರೆಯಲೇ?’ ನಾನು ಅಡುಗೆಮನೆಯ ಹೊಸ್ತಿಲು ದಾಟುವುದನ್ನೇ ಕಾದಿದ್ದು ಕೇಳಿರಬೇಕು.

ವೈ ಒತ್ತಿದೆ. ಬಾಕಿ ಹೊತ್ತು 3 ಗಂಟೆಗೆ ನೆಗೆಯಿತು! ನಾನು ಕಾಫಿ ಕುಡಿದದ್ದನ್ನೂ ತನ್ನ ದುಡಿಮೆಯ ಖಾತೆಗೇ ಬರೆದುಕೊಂಡು ವೇಗದ ಸರಾಸರಿ ತೆಗೆದಿತ್ತು. ಕಾದ ಹೊತ್ತನ್ನು ಲೆಕ್ಕದಿಂದ ಬಿಡಲು ಟಿಕ್ಯೂಡಿಎಂನಲ್ಲಿ ‘ಅನ್‌ಪಾಸ್’ ಎಂಬ ಸೌಲಭ್ಯವೇ ಇದೆ. ಗೆಳೆಯ ಅಷ್ಟು ದೂರ ಓದಿರಲಿಲ್ಲ.

ದೂರು ಕೊಟ್ಟದ್ದಕ್ಕೆ ಸ್ಕ್ರಿಪ್ಟು ಸುಧಾರಿಸಿತು: ಈಗ ಪ್ರಶ್ನೆ ಕೇಳುತ್ತಿರುವಾಗಲೂ ಬಾರು ಓಡುತ್ತದೆ. ಆದರೆ ಬಾರು ಬೆಳೆಯುತ್ತದೆಂಬುದು ನಮ್ಮ ಕಣ್ಣಿನ ಭ್ರಮೆ. ಟೈಪ್‌ರೈಟರಿನ ಕಾಲದಿಂದ ಬಂದ ‘ಕ್ಯಾರೇಜ್ ರಿಟರ್ನ್’ ಹಿಡಿದು ಅದು ಪ್ರತಿ ಸಲ ಸಾಲಿನ ಮೊದಲಿಗೆ ಹಾರಿ, ಇಡೀ ಸಾಲನ್ನು ಹೊಸದಾಗಿ ಬರೆಯುತ್ತದೆ. ಆ ಸಾಲಿನಲ್ಲಿ ಬೇರೆ ಯಾರಾದರೂ ಕೂತಿದ್ದಾರೆಯೇ ಎಂದು ನೋಡುವ ಸೌಜನ್ಯ ಅದಕ್ಕಿಲ್ಲ. ಉದ್ದನೆಯ ಪ್ರಶ್ನೆಯ ಮೇಲೆ ಬಾರು ಬಂದು ಕೂತಿತು. ತುದಿಯ ಅಕ್ಷರವೊಂದೇ ಹೊರಗುಳಿಯಿತು. ಕಂಪ್ಯೂಟರ್ ನನ್ನನ್ನು ನೇರವಾಗಿ ‘ಲೇ?’ ಎಂದಿತು.

ರಗಳೆಯೇ ಬೇಡವೆಂದು ಔಟ್‌ಪುಟ್ಟನ್ನು ಒಂದು ಫೈಲಿಗೆ ತಿರುಗಿಸಿದರೆ ಇನ್ನೊಂದು ತಮಾಷೆ. ಬಾರು ಹರಿಯುವುದು ದೋಷಸಂದೇಶಗಳ ಕಾಲುವೆಯಲ್ಲಿ, ಪ್ರಶ್ನೆ ಹರಿಯುವುದು ಮಾಮೂಲಿ ಕಾಲುವೆಯಲ್ಲಿ. ಹಾಗಾಗಿ ಬಾರು ಪರದೆಯ ಮೇಲೇ ಉಳಿಯುತ್ತದೆ, ಪ್ರಶ್ನೆ ಹೋಗಿ ಫೈಲಿನಲ್ಲಿ ಬಿದ್ದಿರುತ್ತದೆ. ಸ್ಕ್ರಿಪ್ಟು ನನಗಾಗಿ ಕಾಯುತ್ತದೆ, ನಾನು ಅದಕ್ಕಾಗಿ.

ಆದರೂ ಬಾರಿನ ಮೇಲಿನ ಮೋಹ ಹೋಗದು. 1985ರಲ್ಲೇ ಬ್ರಾಡ್ ಮೈಯರ್ಸ್ ಎಂಬ ಸಂಶೋಧಕರು 48 ವಿದ್ಯಾರ್ಥಿಗಳನ್ನು ಕೂರಿಸಿ ಬಾರ್ ಇದ್ದೂ ಇಲ್ಲದೆಯೂ ಕಂಪ್ಯೂಟರಿನಲ್ಲಿ ಹುಡುಕಾಟ ಮಾಡಿಸಿದ್ದರು. ಶೇಕಡಾ 86 ಮಂದಿ ಬಾರ್ ಮೆಚ್ಚಿದರು. ಆ ಬಾರು ನಡುವೆ ಬಾಯಿ ತೆರೆಯುತ್ತಿರಲಿಲ್ಲ ಎಂದು ನನ್ನ ಗುಮಾನಿ.

ನಡುವೆ ಬಾಯಿ ತೆರೆದು ಕೇಳದಿರುವ ಈ ವಿದ್ಯೆ ಪುರೋಹಿತರಿಗೆ ಗೊತ್ತು. ಗೋತ್ರ, ನಕ್ಷತ್ರ, ರಾಶಿ, ಮನೆಮಂದಿಯ ಹೆಸರು ಎಲ್ಲ ಸಂಕಲ್ಪದಲ್ಲೇ ಕೇಳಿ ಮುಗಿಸುತ್ತಾರೆ. ಆಮೇಲೆ ಮಂತ್ರಕ್ಕೆ ತಡೆಯಿಲ್ಲ, ಅಕ್ಷತೆಗೆ ಕಣ್ಸನ್ನೆ ಸಾಕು. “ನೀನೂ ಮೊದಲೇ ಕೇಳಿಬಿಡಯ್ಯಾ, ಅದೇ ಹೆಸರಿನದು ಸಿಕ್ಕರೆ ಬಿಡಲೋ, ಅಳಿಸಲೋ, ಹೆಸರು ಬದಲಿಸಲೋ ಅಂತ” ಎಂದು ಗೆಳೆಯನಿಗೆ ಹೇಳಿದೆ.

“ಸಿಗದೇ ಹೋದ್ರೆ? ಸುಮ್ನೆ ಕೇಳಿದ ಹಾಗಾಗಲ್ವಾ?” ಎಂದ.

ಕೊನೆಗೆ ಯೂನಿಕ್ಸಿನ ಹಿರಿಯರ ಮದ್ದು ತೋರಿಸಿದೆ. ‘ಯೆಸ್’ ಎಂಬ ಕಮಾಂಡು. ನಿಲ್ಲಿಸುವವರೆಗೂ ಸಾಲಿಗೊಂದು ವೈ ಬರೆಯುವುದಷ್ಟೇ ಅದರ ಕಾಯಕ. ಪೈಪ್ ಹಾಕಿ ಸ್ಕ್ರಿಪ್ಟಿಗೆ ಜೋಡಿಸಿದರೆ ಕೇಳಿದ್ದಕ್ಕೆಲ್ಲ ಹೂಂಗುಟ್ಟುತ್ತದೆ. ಗೆಳೆಯನಿಗೆ ಬಹಳ ಹಿಡಿಸಿತು. ಉತ್ತರಿಸುವ ಕಷ್ಟ ನಿನಗಿನ್ನಿಲ್ಲವಲ್ಲ ಎಂದು ಮುಂದಿನ ಆವೃತ್ತಿಗೆ ಹೊಸ ಪ್ರಶ್ನೆಯೊಂದನ್ನು ಸೇರಿಸಿದ್ದಾನೆ: ‘ಕೆಲಸ ಇಲ್ಲಿಗೇ ನಿಲ್ಲಿಸಲೇ?’